ಮುಂಬಯಿಯ ಗೇ ಗಂಡಸರು ಸೇರುತ್ತಿದ್ದ ಸಾರ್ವಜನಿಕ ಜಾಗಗಳು: ಈ ಇತಿಹಾಸವನ್ನು ಎಲ್ಲಿಂದ ಹಿಡಿಯಬೇಕು?

ಸಯನ್_ಸರ್ಕಲ್ (ಪ್ರಶ್ನೆ)

ಮುಂಬಯಿಯ ಒಂದು ಕನ್ನಡ ಸಂಚಿಕೆಗೆ ದೊಡ್ಡ ಲೇಖನ ತಯಾರಾಗುತ್ತಿದೆ. 1970ರ ದಶಕದಿಂದ ಸುಮಾರು 2010ರ ತನಕ ಈ ಊರಲ್ಲಿ ಗೇ ಗಂಡಸರು ಒಬ್ಬರನ್ನೊಬ್ಬರು ಎಲ್ಲಿ ಕಾಣುತ್ತಿದ್ದರು, ಆ ಜಾಗಗಳು ಹೇಗೆ ನಡೆಯುತ್ತಿದ್ದವು, ಏಕೆ ಮುಚ್ಚಿಹೋದವು ಎಂಬುದು ವಿಷಯ. ಓದಿದ್ದರಲ್ಲೆಲ್ಲ ಒಂದೇ ಸಾಲು ಸಿಗುತ್ತಿದೆ: ಮೊದಲು ಸ್ಟೇಷನ್, ಪಾರ್ಕು; ಆಮೇಲೆ ಬಾರು; ಆಮೇಲೆ ಆ್ಯಪು; ಅಲ್ಲಿಗೆ ಮುಗೀತು. ಇದು ಸ್ವಲ್ಪ ಸಲೀಸಾಯಿತು ಅನ್ನಿಸುತ್ತದೆ.

ತಿಳಿದವರು ಹೇಳಬೇಕಾದ್ದು ಇಷ್ಟು. ಇಷ್ಟೊಂದು ಜಾಗಗಳು ರೈಲು ಮತ್ತು ಸಮುದ್ರದ ಅಂಚಿನಲ್ಲೇ ಏಕೆ? ಪೊಲೀಸರು ನಿಜಕ್ಕೂ ಬಳಸುತ್ತಿದ್ದ ಕಾನೂನು ಯಾವುದು, ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ಮಾತ್ರವೇ? ಆಧಾರಗಳನ್ನು ಎಲ್ಲಿ ಹುಡುಕಬೇಕು? ಬರೆಯುವಾಗ ಯಾರಿಗೂ ತೊಂದರೆ ಆಗದಂತೆ ನೋಡಿಕೊಳ್ಳುವುದು ಹೇಗೆ? ಅನುಭವ ಕಥನ ಬೇಡ, ಕೆಲಸಕ್ಕೆ ಬರುವ ವಿವರ ಬೇಕು.

ಹಾರ್ಬರ್_ಲೈನ್

ಖೋಲಿಯಿಂದ ಶುರು ಮಾಡಿ. ಪಾರ್ಕಿನಿಂದ ಬೇಡ.

ಗಿರಣಗಾಂವ್‌ನ, ಅಂದರೆ ಬಟ್ಟೆ ಗಿರಣಿಗಳ ಬಡಾವಣೆಯ, ಚಾಳಿನ ಖೋಲಿ (ಕೋಣೆ) ಅಂದರೆ ಹೆಚ್ಚುಕಮ್ಮಿ 10 ಅಡಿಗೆ 10 ಅಡಿ. ಅದರಲ್ಲಿ ಒಂದು ಸಂಸಾರ, ಇಲ್ಲವೇ ಊರಿಂದ ಬಂದ ಏಳೆಂಟು ಗಂಡಸರು, ಪಾಳಿ ಪ್ರಕಾರ ಮಲಗುವವರು. ಶೌಚಾಲಯ ಗ್ಯಾಲರಿಯ ತುದಿಯಲ್ಲಿ, ಎಲ್ಲರಿಗೂ ಸೇರಿ. ನಮ್ಮವರ ಹೋಟೆಲಿಗೆ ಬನ್ನಿ: ರಾತ್ರಿ ಶಟರ್ ಎಳೆದ ಮೇಲೆ ಹುಡುಗರು ಮೇಜು ಜೋಡಿಸಿಕೊಂಡು ಅಲ್ಲೇ ಮಲಗುವುದು ದಶಕಗಳ ವ್ಯವಸ್ಥೆ. ಫೋರ್ಟಿನ ಕನ್ನಡ ರಾತ್ರಿಶಾಲೆಗಳಿಗೆ ಓದಲು ಹೋಗುತ್ತಿದ್ದವರೂ ಇದೇ ಹುಡುಗರು. ಒಂಟಿಯಾಗಿ ಒಂದು ಬಾಗಿಲು ಹಾಕಿಕೊಳ್ಳುವ ಸೌಕರ್ಯ ಮುಂಬಯಿಯ ಬಹುಪಾಲು ಗಂಡಸರಿಗೆ ಇರಲೇ ಇಲ್ಲ, ಗೇ ಆಗಿರಲಿ ಬಿಡಲಿ. ಜೋಡಿಗಳು ಬಾಂದ್ರಾ ಸಮುದ್ರದಂಡೆಯ ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ ಕೊಡೆ ಬಿಚ್ಚಿ ಕೂರುವುದಕ್ಕೂ ಇದೇ ಕಾರಣ. ಗಂಡು ಹೆಣ್ಣು ಕೂತರೆ ನಗುತ್ತಾ ದಾಟಿಹೋಗುತ್ತಾರೆ. ಇಬ್ಬರು ಗಂಡಸರಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಬೀಳದಿರುವಿಕೆಯೇ ಇಲ್ಲಿ ಬಂಡವಾಳ.

ಒಂದು ಜಾಗ ‘ಜಾಗ’ ಆಗಬೇಕಾದರೆ ಏನೇನು ಬೇಕು ನೋಡಿ. ಮೊದಲು, ಅಲ್ಲಿರಲು ಯಾರೂ ಪ್ರಶ್ನಿಸದ ನೆಪ: ರೈಲು ಕಾಯುವುದು, ಗಾಳಿ ತಿನ್ನುವುದು, ಮೂತ್ರಕ್ಕೆ ಹೋಗುವುದು, ಸಿನಿಮಾ, ಎಣ್ಣೆ ಮಾಲೀಶು. ಎರಡನೆಯದು, ಸುಮ್ಮನೆ ನಿಲ್ಲಲು ಅವಕಾಶ. ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ‘ಏನ್ ಬೇಕು?’ ಅನ್ನುತ್ತಾರೆ, ಪ್ಲಾಟ್‌ಫಾರ್ಮಿನಲ್ಲಿ ಗಂಟೆಗಟ್ಟಲೆ ನಿಂತರೂ ಕೇಳುವವರಿಲ್ಲ. ಮೂರನೆಯದು, ಹೊರಗೆ ಹೋಗಲು ಎರಡು ದಾರಿ. ಒಂದೇ ಗೇಟಿರುವ ಪಾರ್ಕು ಎಷ್ಟು ಕತ್ತಲಿದ್ದರೂ ಬಾಳಿಕೆ ಬರುವುದಿಲ್ಲ, ಗೇಟಿನಲ್ಲಿ ಹವಾಲ್ದಾರ ನಿಂತರೆ ಒಳಗಿದ್ದವರೆಲ್ಲ ಬಲೆಯೊಳಗೆ. ನಾಲ್ಕನೆಯದು ಅರೆಬೆಳಕು. ಪೂರ್ತಿ ಕತ್ತಲೆ ಪ್ರಯೋಜನಕ್ಕಿಲ್ಲ. ಎದುರಿನವನ ಮುಖ ಕಾಣಬೇಕು, ಅವನು ತಿರುಗಿ ನೋಡಿದನೋ ಇಲ್ಲವೋ ಗೊತ್ತಾಗಬೇಕು.

ಸಮುದ್ರದಂಚು ಮತ್ತು ರೈಲು ಈ ನಾಲ್ಕನ್ನೂ ಪುಕ್ಕಟೆ ಕೊಡುತ್ತವೆ. ಅಪೊಲೊ ಬಂದರಿನ ಕಟ್ಟೆ, ಅಂದರೆ ಗೇಟ್‌ವೇಯಿಂದ ತಾಜ್ ಮುಂದೆ ಹಾದು ರೇಡಿಯೊ ಕ್ಲಬ್ ಕಡೆ ಹೋಗುವ ಗೋಡೆ, ‘ವಾಲ್’ ಎಂದೇ ಹೆಸರಾಗಿತ್ತು. ಬೆನ್ನಿಗೆ ನೀರು, ಎದುರಿಗೆ ರಸ್ತೆ, ಪಕ್ಕಕ್ಕೆ ಕೊಲಾಬಾದ ನಾಲ್ಕು ಗಲ್ಲಿ. ಚರ್ಚ್‌ಗೇಟ್ ಟರ್ಮಿನಸ್, ಗಾಡಿ ಅಲ್ಲಿ ಕೆಲವು ನಿಮಿಷ ನಿಲ್ಲುತ್ತದೆ, ಯಾವ ಡಬ್ಬಿ ಹತ್ತಬೇಕೆಂದು ನೋಡಿ ಹತ್ತಬಹುದು. ನಡುವಿನ ಸ್ಟೇಷನ್‌ಗಳಲ್ಲಿ ಅರ್ಧ ನಿಮಿಷದಲ್ಲಿ ಆ ಆಯ್ಕೆ ಇಲ್ಲ. ಹೆಂಗಸರಿಗೆ ಬೇರೆ ಡಬ್ಬಿ ಇರುವುದರಿಂದ ಜನರಲ್ ಡಬ್ಬಿ ಬಹುತೇಕ ಗಂಡಸರದೇ. ಜನದಟ್ಟಣೆಯ ಹೊತ್ತಿಗೆ ಒಂದು ಚದರ ಮೀಟರಿಗೆ 14ರಿಂದ 16 ಜನ ಎಂದು ರೈಲ್ವೆಯವರೇ ಲೆಕ್ಕ ಹಾಕುತ್ತಾರೆ. ಇಂಥ ಗಾಡಿಯ ಇಂಥ ಡಬ್ಬಿ ಎಂಬ ಗುಟ್ಟಿನ ತಿಳಿವಳಿಕೆ ಹುಟ್ಟಿದ್ದು ಹೀಗೆ. ಇದನ್ನು ಬರೆಯುವಾಗ ಒಂದು ಗೆರೆ ಎಳೆಯಲೇಬೇಕು: ಆ ನೂಕುನುಗ್ಗಲಿನಲ್ಲಿ ಒಪ್ಪಿ ನಿಂತವರಿದ್ದರು, ಒಪ್ಪದೆ ಸಿಕ್ಕಿಹಾಕಿಕೊಂಡವರೂ ಇದ್ದರು. ಎರಡನೆಯದು ಕಿರುಕುಳವೇ. ಎರಡನ್ನೂ ಬೆರೆಸಿ ‘ಲೋಕಲ್ ಟ್ರೈನಿನ ರಸಿಕತೆ’ ಎಂದು ಬರೆದ ಲೇಖನಗಳಿವೆ, ಆ ದಾರಿ ಹಿಡಿಯಬೇಡಿ.

ಪರಿಚಯದ ಕ್ರಮ ಎಲ್ಲ ಕಡೆ ಒಂದೇ. ದಾಟಿಹೋಗುವುದು, ಹತ್ತು ಹೆಜ್ಜೆ ಬಿಟ್ಟು ತಿರುಗಿ ನೋಡುವುದು, ಅವನೂ ತಿರುಗಿದ್ದರೆ ನಿಲ್ಲುವುದು. ಆಮೇಲೆ ‘ಟೈಂ ಎಷ್ಟಾಯ್ತು’ ಅಥವಾ ಕಡ್ಡಿಪೆಟ್ಟಿಗೆ. ಈ ಎರಡು ಪ್ರಶ್ನೆಗಳ ಗುಣ ಏನೆಂದರೆ, ತಪ್ಪು ಮನುಷ್ಯನನ್ನು ಕೇಳಿದರೂ ನಷ್ಟವಿಲ್ಲ; ಅವನು ಟೈಂ ಹೇಳಿ ಹೋಗುತ್ತಾನೆ. ಆಮೇಲೆ ಚಹಾ, ಆಮೇಲೆ ಅಸಲಿ ಪ್ರಶ್ನೆ: ಪ್ಲೇಸ್ ಇದೆಯಾ? ಬಹುಪಾಲು ಮಾತು ಅಲ್ಲೇ ನಿಲ್ಲುತ್ತಿತ್ತು, ಪ್ಲೇಸ್ ಇಬ್ಬರಿಗೂ ಇರುತ್ತಿರಲಿಲ್ಲ. ಇಂದಿನ ಆ್ಯಪ್‌ಗಳಲ್ಲೂ ಮೂರನೆಯದೋ ನಾಲ್ಕನೆಯದೋ ಮೆಸೇಜು ಅದೇ.

ಇನ್ನೊಂದು ಮಾತು. ಜಾಗದ ನಕ್ಷೆ ಬಿಡಿಸುವವರು ಸ್ಥಳ ಬರೆಯುತ್ತಾರೆ, ಹೊತ್ತು ಬರೆಯುವುದಿಲ್ಲ. ಒಂದೇ ಬೆಂಚು ಸಂಜೆ 5ಕ್ಕೆ ಅಜ್ಜಂದಿರದ್ದು, 8ಕ್ಕೆ ಕಾಲೇಜು ಜೋಡಿಗಳದ್ದು, 10ರ ಮೇಲೆ ಬೇರೆಯವರದ್ದು. ರಾತ್ರಿ ಸುಮಾರು 1ಕ್ಕೆ ಕೊನೆಯ ಲೋಕಲ್, ಬೆಳಗ್ಗೆ ಸುಮಾರು 4ಕ್ಕೆ ಮೊದಲನೆಯದು. ಕೊನೆಯ ಗಾಡಿ ತಪ್ಪಿದವನು ಮೂರು ಗಂಟೆ ಹೊರಗೇ ಕಳೆಯಬೇಕು. ಅವನಿಗೆ ಅದೇ ನೆಪ, ಅದೇ ಅಪಾಯ.

ಕಲಂ_ಕಾಗದ

ಕಾನೂನಿನ ಭಾಗ ನನ್ನದು.

377ನೇ ಕಲಂ 1860ರ ಭಾರತೀಯ ದಂಡಸಂಹಿತೆಯದು (ಐಪಿಸಿ), 1862ರ ಜನವರಿ 1ರಿಂದ ಜಾರಿ. ಶಿಕ್ಷೆ 10 ವರ್ಷದ ತನಕ ಅಥವಾ ಜೀವಾವಧಿ. ಆದರೆ ಮೇಲ್ಮನವಿ ವರದಿಗಳನ್ನು ತಿರುವಿ ಹಾಕಿದರೆ ಒಪ್ಪಿಗೆಯಿಂದ ಕೂಡಿದ ಇಬ್ಬರು ವಯಸ್ಕರ ಪ್ರಕರಣ ಸಿಗುವುದು ಅಪರೂಪ. ಸಿಕ್ಕವುಗಳಲ್ಲಿ ಒಂದು 1934ರ ಸಿಂಧ್ ತೀರ್ಪು, ನೌಶೇರ್ವಾನ್ ಇರಾನಿ ಪ್ರಕರಣ. ಅಲ್ಲಿ ಸಾಕ್ಷ್ಯ ಬಾಗಿಲ ಸಂದಿಯಿಂದ ಇಣುಕಿ ನೋಡಿದವರದ್ದು. ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು, ಆದರೆ ಬಾಗಿಲು ಹಾಕಿಕೊಂಡ ಕೋಣೆಯೂ ಖಾಸಗಿಯಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ.

ಬೀದಿಯಲ್ಲಿ ನಿಜಕ್ಕೂ ಕೆಲಸ ಮಾಡಿದ್ದು 1951ರ ಬಾಂಬೆ ಪೊಲೀಸ್ ಕಾಯ್ದೆ. ಅದಕ್ಕೆ ಮೊದಲು 1902ರ ನಗರ ಪೊಲೀಸ್ ಕಾಯ್ದೆ ಇತ್ತು. 1951ರ ಕಾಯ್ದೆಯ 110ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಅಸಭ್ಯ ವರ್ತನೆಯ ಕುರಿತದ್ದು, 117 ಅದಕ್ಕೆ ದಂಡ. ಇದಕ್ಕೆ ವೈದ್ಯಕೀಯ ಪರೀಕ್ಷೆ ಬೇಡ, ದೊಡ್ಡ ಸಾಕ್ಷ್ಯ ಬೇಡ. ಹವಾಲ್ದಾರನ ಮಾತು ಸಾಕು. ಹಿಡಿದವನು ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿ ದಂಡ ಕಟ್ಟಿ ಹೊರಗೆ. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ಮುಖ್ಯವಲ್ಲ. ವಾದ ಮಾಡಿದರೆ ಮತ್ತೆ ನಾಲ್ಕು ತಾರೀಖು, ಆಫೀಸಿಗೆ ರಜೆ, ಮನೆಗೆ ಸಮನ್ಸು. ಜೊತೆಗೆ ಐಪಿಸಿ 294, ಅಶ್ಲೀಲ ಕೃತ್ಯ, ಮೂರು ತಿಂಗಳ ತನಕ ಸಜೆ.

ಹಾಗಾದರೆ 377 ಯಾತಕ್ಕೆ ಬಳಕೆಯಾಯಿತು? ಹೆದರಿಸಲಿಕ್ಕೆ. ‘ಜೀವಾವಧಿ ಆಗುತ್ತೆ, ಮನೆಗೆ ಫೋನ್ ಹಾಕಲಾ?’ ಎಂಬ ಒಂದು ಸಾಲಿಗೆ ಕೈಗಡಿಯಾರ, ಉಂಗುರ, ಪಗಾರದ ಪಾಕೀಟು ಕೈಬದಲಾಗುತ್ತಿದ್ದವು. ಸಮವಸ್ತ್ರದವರೂ ಮಾಡಿದರು, ಸಮವಸ್ತ್ರವಿಲ್ಲದೆ ಪೊಲೀಸ್ ಎಂದು ಹೇಳಿಕೊಂಡವರೂ ಮಾಡಿದರು. ರೈಲ್ವೆ ಪಾಸಿನ ಜೊತೆಗಿನ ಗುರುತಿನ ಚೀಟಿಯಲ್ಲಿ ಹೆಸರು, ಫೋಟೊ ಎಲ್ಲ ಇರುತ್ತಿತ್ತು. ಕಿಸೆಗೆ ಕೈ ಹಾಕಿದರೆ ಸಾಕು, ಮನುಷ್ಯ ಯಾರೆಂದು ಗೊತ್ತು. ಠಾಣೆಯ ಕಡೆ ಕರೆದೊಯ್ಯದೆ ಗಲ್ಲಿಯ ಕಡೆ ಕರೆದೊಯ್ದರೆ ಅದು ವಸೂಲಿ. ಅಂಥ ಹಣ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಹಾಗಾಗಿ ದಾಖಲೆಯಲ್ಲಿ ಬಂಧನ ಕಡಿಮೆ ಇದ್ದರೆ ಆ ವರ್ಷ ಶಾಂತವಾಗಿತ್ತು ಎಂದು ಬರೆಯಬೇಡಿ.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಅದೇ ಐಪಿಸಿಯ 388 ಮತ್ತು 389ನೇ ಕಲಂಗಳು, ಗಂಭೀರ ಅಪರಾಧದ ಆರೋಪ ಹೊರಿಸುತ್ತೇನೆಂದು ಬೆದರಿಸಿ ಸುಲಿಯುವವನಿಗೆ 10 ವರ್ಷದ ತನಕ ಎನ್ನುತ್ತಿದ್ದವು. ಬೆದರಿಕೆ 377ರದ್ದಾಗಿದ್ದರೆ ಜೀವಾವಧಿಯೂ ಆಗಬಹುದು ಎಂದು ಹೆಸರು ಹಿಡಿದೇ ಹೇಳುತ್ತಿದ್ದವು. ಅಂದರೆ 1860ರಲ್ಲಿ ಕಾನೂನು ಬರೆದವರಿಗೇ ಗೊತ್ತಿತ್ತು, ಈ ಕಲಂ ಸುಲಿಗೆಗೆ ಕತ್ತಿಯಾಗುತ್ತದೆಂದು. ಔಷಧ ಪಕ್ಕದ ಪುಟದಲ್ಲೇ ಇತ್ತು, ಕುಡಿಯುವ ಹಾಗಿರಲಿಲ್ಲ: ದೂರು ಕೊಡಲು ಹೋದವನು ತಾನು ಅಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲು ಹೇಳಬೇಕಿತ್ತಲ್ಲ.

ತಾರೀಖುಗಳನ್ನು ಸರಿ ಇಟ್ಟುಕೊಳ್ಳಿ, ಕನ್ನಡ ಲೇಖನಗಳಲ್ಲಿ ಇವು ಅದಲುಬದಲಾಗುತ್ತವೆ. ವಯಸ್ಕರ ಒಪ್ಪಿಗೆಯ ಸಂಬಂಧವನ್ನು 377ರಿಂದ ಹೊರಗಿಟ್ಟ ದೆಹಲಿ ಹೈಕೋರ್ಟ್ ತೀರ್ಪು 2009ರ ಜುಲೈ 2. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿದ್ದು 2013ರ ಡಿಸೆಂಬರ್ 11. ಖಾಸಗಿತನ ಮೂಲಭೂತ ಹಕ್ಕು ಎಂದ ತೀರ್ಪು 2017ರ ಆಗಸ್ಟ್ 24. ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಎತ್ತಿಹಿಡಿದ ನವತೇಜ್ ಜೋಹರ್ ತೀರ್ಪು 2018ರ ಸೆಪ್ಟೆಂಬರ್ 6. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. 2018ರ ತೀರ್ಪು ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವುದನ್ನು ಮಾತ್ರ ಬಿಡುಗಡೆ ಮಾಡಿತು. ಸಾರ್ವಜನಿಕ ಅಸಭ್ಯತೆಯ ಕಲಂಗಳು ಇಂದಿಗೂ ಇವೆ. ಐಪಿಸಿ 294 ಈಗ ಹೊಸ ಸಂಹಿತೆಯ 296. ಖೋಲಿ ಇದ್ದವನಿಗೆ 2018 ದೊಡ್ಡ ಬದಲಾವಣೆ. ಖೋಲಿ ಇಲ್ಲದವನ ಮಟ್ಟಿಗೆ ಬೀದಿಯ ಕಾನೂನು ಹೆಚ್ಚು ಕದಲಲಿಲ್ಲ. ಹಾಗೆಂದು ಕಟ್ಟೆಯ ಮೇಲೆ ಕೂರುವುದು, ಮಾತಾಡುವುದು, ಕಾಯುವುದು ಅಂದೂ ಅಪರಾಧವಲ್ಲ, ಇಂದೂ ಅಲ್ಲ. ಇದನ್ನು ಲೇಖನದಲ್ಲಿ ದಪ್ಪಕ್ಷರದಲ್ಲಿ ಹಾಕಿ.

ವಾಕೋಲಾ_ನಾಕಾ

ಮೇಲಿನ ಇಬ್ಬರೂ ಬೀದಿಯನ್ನು ಹೇಳಿದರು. ಬೀದಿಯಿಂದ ಒಳಗೆ ಬಂದ ಭಾಗ ಸೇರಿಸುತ್ತೇನೆ.

ಪತ್ರಕರ್ತ ಅಶೋಕ್ ರಾವ್ ಕವಿ 1990ರಲ್ಲಿ ಗೇ ಓದುಗರಿಗಾಗಿ ‘ಬಾಂಬೆ ದೋಸ್ತ್’ ಪತ್ರಿಕೆ ಹೊರಡಿಸಿದರು. ಇದನ್ನೂ ಭೇಟಿಯ ಜಾಗ ಎಂದೇ ಎಣಿಸಿ; ಸ್ಟೇಷನ್ನಿಗೆ ಬರಲಾಗದ ಸಣ್ಣ ಊರಿನವನಿಗೆ ಅಂಚೆಯೇ ಕಟ್ಟೆ. 1994ರಲ್ಲಿ ಗೇ ಗಂಡಸರ ಆರೋಗ್ಯ ಮತ್ತು ಹಕ್ಕಿನ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ ಶುರುವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಜುಹೂ ಆವರಣದಲ್ಲಿ ದಕ್ಷಿಣ ಏಷ್ಯಾದ ಗೇ ಗಂಡಸರ ಸಮ್ಮೇಳನ ನಡೆಯಿತು. ಆಮೇಲೆ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಮಹಾನಗರ ಪಾಲಿಕೆಯ ಹಳೆಯ ಕಟ್ಟಡದಲ್ಲಿ ಟ್ರಸ್ಟಿನ ಕೇಂದ್ರ. ಪಾಲಿಕೆಯ ಕಟ್ಟಡ ಅನ್ನೋದನ್ನು ಗಮನಿಸಿ: ಹೊರಗೆ ಬೀದಿಯಲ್ಲಿ ಹಿಡಿದುಕೊಂಡು ಹೋಗುವ ಸರ್ಕಾರ, ಒಳಗೆ ಕೂರಲು ಜಾಗ ಕೊಟ್ಟ ಸರ್ಕಾರ. ಇದಕ್ಕೆ ಕಾರಣ ಎಚ್‌ಐವಿ. ನ್ಯಾಕೊ, ಅಂದರೆ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ, ಹುಟ್ಟಿದ್ದು 1992ರಲ್ಲಿ; ಪಾರ್ಕಿನಲ್ಲಿ ಯಾರಿದ್ದಾರೆ ಎಂದು ತಿಳಿಯದೆ ಅದರ ಕೆಲಸ ನಡೆಯುವಂತಿರಲಿಲ್ಲ.

ಹೀಗಾಗಿ ಜಾಗಗಳ ಬಗ್ಗೆ ಅತ್ಯಂತ ಕ್ರಮಬದ್ಧವಾದ ಮಾಹಿತಿ ಹುಟ್ಟಿದ್ದು ಆರೋಗ್ಯದ ಕೆಲಸದಲ್ಲಿ. ವಿಧಾನ ಗೊತ್ತಿದ್ದರೆ ಆ ವರದಿಗಳನ್ನು ಸರಿಯಾಗಿ ಓದಬಹುದು. ಮೊದಲು ಜಾಗ ಬಲ್ಲವರನ್ನು, ಅಂದರೆ ಚಹಾದವನು, ಪಾನ್ ಅಂಗಡಿಯವನು, ಶೌಚಾಲಯದ ಕಾವಲುಗಾರ, ಅಲ್ಲಿಗೇ ಬರುವ ಗಂಡಸರು, ಇವರನ್ನು ಬೇರೆ ಬೇರೆಯಾಗಿ ಕೇಳುತ್ತಾರೆ: ಮಾಮೂಲಿ ದಿನ ಕಡಿಮೆಯೆಂದರೆ ಎಷ್ಟು ಜನ, ಹೆಚ್ಚೆಂದರೆ ಎಷ್ಟು, ಯಾವ ವಾರ, ಯಾವ ಹೊತ್ತು. ಆಮೇಲೆ ತಾವೇ ಹೋಗಿ ತಾಳೆ ನೋಡುತ್ತಾರೆ. ಎಲ್ಲ ಜಾಗಗಳನ್ನು ಸುಮ್ಮನೆ ಕೂಡಿಸಿದರೆ ಒಬ್ಬನೇ ಮನುಷ್ಯ ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತಾನೆ, ಅದನ್ನು ಕಳೆಯಬೇಕು. ಕೊನೆಗೆ ಸುಮಾರು 60 ಜನಕ್ಕೆ ಒಬ್ಬ ಪಿಯರ್ ಎಜುಕೇಟರ್, ಅಂದರೆ ಅದೇ ಸಮುದಾಯದಿಂದ ಬಂದ ಆರೋಗ್ಯ ಕಾರ್ಯಕರ್ತ. ಅವನ ಚೀಲದಲ್ಲಿ ಕಾಂಡೋಮು, ಲ್ಯೂಬು, ರಕ್ತಪರೀಕ್ಷೆಯ ಚೀಟಿ.

ಕುಂದು ಎಲ್ಲಿ? ಈ ಲೆಕ್ಕ ನಿಂತ ಜನರನ್ನು ಹಿಡಿಯುತ್ತದೆ, ಹಾದುಹೋಗುವವರನ್ನು ಬಿಡುತ್ತದೆ. ಪಾರ್ಕು ಸಿಗುತ್ತದೆ, ರೈಲಿನ ಡಬ್ಬಿ ತಪ್ಪಿಹೋಗುತ್ತದೆ. ಹೆಣ್ಣಿನ ನಡೆನುಡಿಯಿಂದ ಗುರುತು ಸಿಗುವ, ತಮ್ಮನ್ನು ‘ಕೋಥಿ’ ಎಂದು ಕರೆದುಕೊಳ್ಳುವ ಗಂಡಸರು ಲೆಕ್ಕಕ್ಕೆ ಬರುತ್ತಾರೆ; ಅವರು ‘ಪಂಥಿ’ ಎನ್ನುವ ಗಂಡುನಡೆಯ ಸಂಗಾತಿ, ಮದುವೆಯಾಗಿ ಮಕ್ಕಳಿರುವವನು, ಬರುವುದಿಲ್ಲ. ಚೀಲ ಹಿಡಿದವನ ಕಷ್ಟವೂ ಅಷ್ಟೇ: ಕಾಂಡೋಮನ್ನೇ ಸಾಕ್ಷ್ಯವೆಂದು ಹಿಡಿದುಕೊಂಡ ಪ್ರಸಂಗಗಳಿವೆ. 2001ರ ಜುಲೈನಲ್ಲಿ ಲಖನೌದಲ್ಲಿ ಎಚ್‌ಐವಿ ಕಾರ್ಯಕರ್ತರನ್ನೇ ಜೈಲಿಗೆ ಹಾಕಿದ್ದು ದೇಶಕ್ಕೆಲ್ಲ ಗೊತ್ತಾಯಿತು.

ಬಾರಿನ ಬಗ್ಗೆ ಹೆಚ್ಚು ಪುಟ ಖರ್ಚು ಮಾಡಬೇಡಿ. ಕೊಲಾಬಾದ ಆರ್ಥರ್ ಬಂದರ್ ರಸ್ತೆಯ ವೂಡೂ ಪಬ್ಬಿನ ಶನಿವಾರದ ರಾತ್ರಿ ಹೆಸರುವಾಸಿಯಾಗಿತ್ತು, ‘ವಾಲ್’ನಿಂದ ನಡೆದು ಹೋಗುವಷ್ಟು ಹತ್ತಿರ. ಒಳಗೆ ಹೋಗಲು ದುಡ್ಡು ಬೇಕಿತ್ತು, ಹಾಗಾಗಿ ಅರ್ಧ ಜನ ಕಟ್ಟೆಯಲ್ಲೇ. 1998ರ ಕೊನೆಗೆ ‘ಗೇ ಬಾಂಬೆ’ ಇಮೇಲ್ ಗುಂಪು ಶುರುವಾಯಿತು, ಅದರಿಂದ ಬಾಡಿಗೆ ಜಾಗಗಳ ಪಾರ್ಟಿಗಳು. ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಹೋಟೆಲಿನ ಹುಡುಗನಿಗೆ ಅದು ತಲುಪಿದ್ದು ಎಷ್ಟೋ ವರ್ಷದ ಮೇಲೆ, ಅಗ್ಗದ ಸ್ಮಾರ್ಟ್‌ಫೋನಿನಲ್ಲಿ. ಇಂಗ್ಲಿಷ್ ಬಲ್ಲವರಿಗೂ ಉಳಿದವರಿಗೂ ನಡುವೆ ಈ ಇತಿಹಾಸ ಸೀಳಿದ್ದೇ ಇಲ್ಲಿ.

ಮುಗಿದದ್ದು ಏಕೆ ಎಂಬುದಕ್ಕೆ ಆ್ಯಪ್ ಅರ್ಧ ಉತ್ತರವೂ ಅಲ್ಲ. ಗೇ ಗಂಡಸರ ಭೇಟಿಯ ಆ್ಯಪ್ ಗ್ರೈಂಡರ್ ಹುಟ್ಟಿದ್ದೇ 2009ರಲ್ಲಿ. ಅದಕ್ಕೆ ಮೊದಲೇ 2003ರ ಆಗಸ್ಟ್ 25ರಂದು ಗೇಟ್‌ವೇ ಬಳಿ ಬಾಂಬು, 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ ಗಾಡಿಗಳಲ್ಲಿ ಬಾಂಬು, 2008ರ ನವೆಂಬರ್ 26ರಂದು ತಾಜ್ ಹೋಟೆಲ್ ಮತ್ತು ಸಿಎಸ್‌ಟಿ ರೈಲು ನಿಲ್ದಾಣದ ಮೇಲೆ ದಾಳಿ. ಗೇಟ್‌ವೇ ಸುತ್ತ ತಡೆಬೇಲಿ, ತಪಾಸಣೆ, ಕ್ಯಾಮೆರಾ ಬಂದವು. ಕಾರಣವಿಲ್ಲದೆ ನಿಂತವನು ಸಂಶಯಾಸ್ಪದ ವ್ಯಕ್ತಿಯಾದ. ಹಾರ್ಬರ್_ಲೈನ್ ಹೇಳಿದ ಎರಡನೆಯ ಶರತ್ತು, ಸುಮ್ಮನೆ ನಿಲ್ಲುವ ಅವಕಾಶ, ಅದು ಹೋಯಿತು. ಪಾರ್ಕುಗಳಿಗೆ ಬೇಲಿ, ಮುಚ್ಚುವ ವೇಳೆ. ಸ್ಟೇಷನ್ ಶೌಚಾಲಯಗಳು ದುಡ್ಡು ಕೊಟ್ಟು ಹೋಗುವಂಥವಾದವು, ಬಾಗಿಲಲ್ಲಿ ಮನುಷ್ಯ ಕೂತ. ಒಂದೇ ಪರದೆಯ ಥಿಯೇಟರುಗಳು ಮುಚ್ಚಿದವು. 1982ರ ಮುಷ್ಕರದ ನಂತರ ಗಿರಣಿಗಳೇ ಒಂದೊಂದಾಗಿ ಹೋದವು, ಪಾಳಿ ಮುಗಿಸಿ ನಡುರಾತ್ರಿ ರಸ್ತೆಗೆ ಬರುವ ಸಾವಿರಾರು ಗಂಡಸರೂ ಹೋದರು. 2015ರಲ್ಲಿ ಮರೀನ್ ಡ್ರೈವಿನ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಊರೆಲ್ಲ ಸೌಂದರ್ಯದ ಬಗ್ಗೆ ಜಗಳವಾಡಿತು. ಅರೆಬೆಳಕಿನ ಲೆಕ್ಕ ಯಾರೂ ಹಾಕಲಿಲ್ಲ.

ಸಯನ್_ಸರ್ಕಲ್

ತುಂಬ ಉಪಕಾರ. ಎರಡು ಉಪಪ್ರಶ್ನೆ. ಪುಣೆಯನ್ನು ಸೇರಿಸಬೇಕೇ? ಮತ್ತು ನಕ್ಷೆ ಹಾಕುವ ಯೋಚನೆ ಇದೆ, ಎಲ್ಲ ಜಾಗ ಗುರುತು ಹಾಕಿ. ಸರಿಯೇ?

ಮುಳಾ_ಮುಠಾ

ಪುಣೆಯನ್ನು ಒಂದು ಪ್ಯಾರಾದಲ್ಲಿ ಮುಗಿಸಬೇಡಿ, ಬೇರೆಯೇ ಲೇಖನ ಮಾಡಿ. ಇಲ್ಲಿ ಲೋಣಾವಳಾ ಕಡೆಯ ಲೋಕಲ್ ಬಿಟ್ಟರೆ ಮುಂಬಯಿಯಂಥ ರೈಲು ಜಾಲ ಇಲ್ಲ, ಸ್ಕೂಟರಿನ ಊರು; ಗುಂಪಿನಲ್ಲಿ ಕರಗುವುದು ಮುಂಬಯಿಯಷ್ಟು ಸುಲಭವಲ್ಲ, ಪೇಟೆಯಲ್ಲಿ ನಿಂತರೆ ಯಾರಾದರೂ ಪರಿಚಯದವರು ಸಿಕ್ಕೇ ಸಿಗುತ್ತಾರೆ. ಬಿಂದುಮಾಧವ ಖಿರೆ 2002ರಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಸಮಪಥಿಕ್ ಟ್ರಸ್ಟ್ ಕಟ್ಟಿದರು, ಮರಾಠಿಯಲ್ಲೇ ಬರೆದರು. ಪುಣೆಯ ಮೊದಲ ಪ್ರೈಡ್ ಮೆರವಣಿಗೆ 2011ರ ಡಿಸೆಂಬರ್ 11. ಮುಂಬಯಿಯದು 2008ರ ಆಗಸ್ಟ್ 16, ಆಗಸ್ಟ್ ಕ್ರಾಂತಿ ಮೈದಾನದಿಂದ ಗಿರಗಾಂವ್ ಚೌಪಾಟಿಗೆ. ಚೌಪಾಟಿ ಅಂದರೆ ಎಣ್ಣೆ ಬಾಟಲಿಯ ಮಾಲೀಶಿನವರು ಓಡಾಡುತ್ತಿದ್ದ ಅದೇ ಮರಳು. ರಾತ್ರಿ ಗುಟ್ಟಾಗಿ ಬರುತ್ತಿದ್ದ ದಡಕ್ಕೆ ಹಗಲು ಬಾವುಟ ಹಿಡಿದು ಬಂದರು. ಇದು ನಿಮ್ಮ ಲೇಖನಕ್ಕೆ ಹೊಂದುತ್ತದೆ.

ಕನ್ನಡ ಓದುಗರಿಗೆ ಇನ್ನೊಂದು ಕೊಂಡಿ: 2010ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಿನಿಮಾಗಳ ಕಶಿಶ್ ಚಿತ್ರೋತ್ಸವ ಶುರು ಮಾಡಿದ ಶ್ರೀಧರ್ ರಂಗಾಯನ್ ಮಂಡ್ಯದವರು. ಉತ್ಸವ ಮುಂದೆ ಲಿಬರ್ಟಿ ಚಿತ್ರಮಂದಿರದಲ್ಲಿ ನಡೆಯಿತು. ಥಿಯೇಟರಿನ ಕತ್ತಲು ಹೀಗೆ ಮತ್ತೊಂದು ರೀತಿಯಲ್ಲಿ ಭೇಟಿಯ ಜಾಗವಾಯಿತು.

ಕಲಂ_ಕಾಗದ

ನಕ್ಷೆ ಬೇಡ. ಕನಿಷ್ಠ ನೀವು ಯೋಚಿಸಿದ ರೀತಿಯದು ಬೇಡ.

ಎಷ್ಟೋ ವರ್ಷದಿಂದ ಅಚ್ಚಿನಲ್ಲಿರುವ, ಈಗ ಸ್ವರೂಪವೇ ಬದಲಾದ ಜಾಗಗಳ ಹೆಸರು ಹಾಕಬಹುದು: ಅಪೊಲೊ ಬಂದರು, ಚರ್ಚ್‌ಗೇಟ್, ವೂಡೂ. ಇಂದಿಗೂ ಜನ ಸೇರುವ ಜಾಗವನ್ನು ‘ಮಧ್ಯ ಮುಂಬಯಿಯ ಒಂದು ಉದ್ಯಾನ’ ಎಂದು ಬಿಡಿ. ವಸೂಲಿ ಮಾಡುವವನೂ ಕನ್ನಡ ಓದಬಲ್ಲ. ಯಾವುದು ಚಾಲ್ತಿಯಲ್ಲಿದೆ ಎಂಬ ಸಂಶಯ ಬಂದರೆ ಹೆಸರು ಕೈಬಿಡಿ, ಹೊತ್ತು ಮತ್ತು ದಿನವನ್ನಂತೂ ಬರೆಯಲೇಬೇಡಿ.

ಸಂದರ್ಶನ ಮಾಡುವುದಾದರೆ ಹೆಸರನ್ನು ಮೊದಲ ಪುಟದಿಂದಲೇ ಸಂಕೇತ ಮಾಡಿ. ಹೆಸರು ಮತ್ತು ಸಂಕೇತದ ಪಟ್ಟಿ ಬೇರೆ ಕಡೆ, ಧ್ವನಿಮುದ್ರಣ ಬೇರೆ ಕಡೆ, ಎರಡೂ ಫೋನಿನಲ್ಲಿ ಬೇಡ. ಸಂಕೇತ ಹಾಕಿದ ಮಾತ್ರಕ್ಕೆ ಮನುಷ್ಯ ಮರೆಯಾಗುವುದಿಲ್ಲ: ‘ಮಾಟುಂಗದ ಹೋಟೆಲಿನಲ್ಲಿದ್ದ ಕುಂದಾಪುರ ಕಡೆಯವರು, ಈಗ 65’ ಎಂದರೆ ನಮ್ಮ ಮುಂಬಯಿ ಕನ್ನಡಿಗರಲ್ಲಿ ಎರಡು ಫೋನಿನಲ್ಲಿ ಆಸಾಮಿ ಸಿಗುತ್ತಾನೆ. ಊರು, ವೃತ್ತಿ, ವಯಸ್ಸು ಮೂರರಲ್ಲಿ ಒಂದನ್ನು ಮಾತ್ರ ನಿಜ ಇಡಿ, ಬದಲಿಸಿದ್ದೇವೆ ಎಂದು ಲೇಖನದಲ್ಲೇ ಹೇಳಿ. ಒಪ್ಪಿಗೆಯನ್ನು ಎರಡು ಸಲ ಕೇಳಿ, ಮಾತಾಡುವ ಮೊದಲು ಒಮ್ಮೆ, ಅಚ್ಚಿಗೆ ಹೋಗುವ ಪಾಠ ಓದಿಸಿದ ಮೇಲೆ ಒಮ್ಮೆ. ಎರಡನೆಯ ಸಲ ಬೇಡ ಎಂದರೆ ಬೇಡ.

ದಾಖಲೆಗೆ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ‘ಗೇ’ ಎಂದು ಹುಡುಕಿದರೆ ಏನೂ ಸಿಗದು, ಪೊಲೀಸ್ ಕಾಯ್ದೆ, ಅಸಭ್ಯ ವರ್ತನೆ, ಅಲೆಮಾರಿತನ, ಉದ್ಯಾನದ ದೀಪ, ಶೌಚಾಲಯ ದುರಸ್ತಿ ಎಂಬ ತಲೆಬರಹಗಳಡಿ ಹುಡುಕಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ ಕಮ್ರಾ (QAMRA) ಎಂಬ ಕ್ವೀರ್ ದಾಖಲೆಗಳ ಸಂಗ್ರಹವನ್ನೂ ಕೇಳಿ ನೋಡಿ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲಿ ಹೊರತಂದ ವರದಿ ಬೆಂಗಳೂರಿನದೇ ಆದರೂ ಪೊಲೀಸ್ ವಸೂಲಿಯ ವಿಧಾನ ಅದರಲ್ಲಿ ಚೆನ್ನಾಗಿ ದಾಖಲಾಗಿದೆ.

ಹಾರ್ಬರ್_ಲೈನ್

ನಕ್ಷೆಗೆ ಬದಲು ಒಂದು ಕೋಷ್ಟಕ ಹಾಕಬಹುದು. ಎಡಗಡೆ ದಶಕ, ಮುಂದೆ ಆ ಕಾಲದ ನೆಪ, ಕಾಯಲು ಎಲ್ಲಿ ಅವಕಾಶ, ಬೆಳಕು ಎಂಥದು, ಬಳಕೆಯಾದ ಕಲಂ, ಮುಚ್ಚಲು ಕಾರಣ. ಸ್ಥಳದ ಹೆಸರಿನ ಅಂಕಣವೇ ಬೇಡ. 1990ರ ಸಾಲಿನಲ್ಲಿ ಅಂಚೆಯನ್ನೂ 2000ದ ಸಾಲಿನಲ್ಲಿ ಸೈಬರ್ ಕೆಫೆಯನ್ನೂ ಮರೆಯಬೇಡಿ. ಮರೆಗೆ ಪಾರ್ಟಿಷನ್ ಇರುವ ಕೆಫೆಗೂ ಇಲ್ಲದ ಕೆಫೆಗೂ ವ್ಯತ್ಯಾಸ ಇತ್ತು, ಅದನ್ನೂ ಕೋಷ್ಟಕದ ಬೆಳಕಿನ ಅಂಕಣದಲ್ಲೇ ಬರೆಯಿರಿ.